ಮೂರು ವ್ಯಾಗನ್ನಿನಷ್ಟು ಜಾಗ

— ಇದೇನಿದು, ಪುಸ್ತಕದ ಶೆಲ್ಫಿನ ಮೇಲೆ ಹಳಿ ಹಾಕಿದ್ದೀಯ?

— ಗೂಡ್ಸ್ ಯಾರ್ಡ್ ಮಾವ. ಉದ್ದ 120 ಸೆಂ.ಮೀ., ಅಗಲ 30. ಮನೆಯಲ್ಲಿ ಮಂಜೂರಾಗಿದ್ದು ಇಷ್ಟೇ.

— ರೈಲು ಹೋಗೋದೆಲ್ಲಿಗೆ? ಈ ಕಡೆ ಗೋಡೆ, ಆ ಕಡೆ ಬೀರು.

— ಎಲ್ಲಿಗೂ ಹೋಗಲ್ಲ. ರೈಲು ಹೊರಡೋಕೆ ಮುಂಚೆ ಯಾರ್ಡಿನಲ್ಲಿ ಏನು ನಡೆಯುತ್ತೋ ಅಷ್ಟೇ ಇಲ್ಲಿ ನಡೆಯೋದು. ನೀವು ರಿಟೈರಾಗೋವರೆಗೂ ಮಾಡಿದ ಕೆಲಸ.

— ಶಂಟಿಂಗಾ? ಬಿಸಿಲು, ಮಳೆ, ರಾತ್ರಿ ಪಾಳಿ, ಕೈಗೆಲ್ಲ ಗ್ರೀಸು. ಸಂಬಳ ಕೊಟ್ಟರು ಅಂತ ಮಾಡಿದ್ವಿ. ನೀನು ಕೈಯಿಂದ ದುಡ್ಡು ಹಾಕಿ ಮಾಡ್ತಿದ್ದೀಯಲ್ಲೋ! ಮಾಡೋದಿದ್ರೆ ಓಡೋ ರೈಲು ಮಾಡು. ಸೇತುವೆ ಇರಲಿ, ಸುರಂಗ ಇರಲಿ, ಮಕ್ಕಳು ನೋಡಿ ಚಪ್ಪಾಳೆ ತಟ್ಟಲಿ.

— ಸುತ್ತು ಹಾಕಿಸೋಕೆ ಜಾಗ ಎಲ್ಲಿದೆ? ಈ ಅಳತೆಯಲ್ಲಿ ಅಂಗಡಿಯಲ್ಲಿ ಸಿಗೋ ಅತಿ ಬಿಗಿಯಾದ ತಿರುವಿನ ತ್ರಿಜ್ಯವೇ 37 ಸೆಂ.ಮೀ. ಎರಡು ಪಟ್ಟು ಮಾಡಿ, ಅಂಚಿಗೆ ಒಂದಿಷ್ಟು ಬಿಟ್ಟರೆ 80 ಸೆಂ.ಮೀ. ಅಗಲದ ಮೇಜು ಬೇಕು. ಬೆಂಗಳೂರಿನ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಅಂಥ ಮೇಜು ಹಾಕಿದರೆ ಊಟಕ್ಕೆ ಹೋಟೆಲಿಗೆ ಹೋಗಬೇಕು. ಜಾಗ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ರೈಲು ಮೂರು ಸುತ್ತು ಹಾಕಿದ ಮೇಲೆ ನೋಡೋರಿಗೆ ಏನು ಕೆಲಸ? ನಾಲ್ಕನೇ ಸುತ್ತು ನೋಡೋದು. ಅಮೆರಿಕದಲ್ಲಿ ಫ್ರಾಂಕ್ ಎಲಿಸನ್ ಅಂತ ಒಬ್ಬರಿದ್ದರು. 1940ರ ದಶಕದಲ್ಲೇ ಅವರು, ಮಾದರಿ ರೈಲುಮಾರ್ಗ ಅಂದರೆ ಒಂದು ರಂಗಮಂದಿರ, ಹಳಿ ಅದರ ವೇದಿಕೆ, ರೈಲುಗಳು ಪಾತ್ರಧಾರಿಗಳು ಅಂತ ವಾದ ಮಾಡಿದರು. ಪಾತ್ರಧಾರಿ ವೇದಿಕೆ ಮೇಲೆ ಸುಮ್ಮನೆ ಸುತ್ತು ಹೊಡೀತಿದ್ದರೆ ನಾಟಕ ಆಗುತ್ತಾ?

— ಆಗಲ್ಲ ಬಿಡು. ಸರಿಯಪ್ಪಾ, ಎಂಜಿನ್ ಕೊಡಿಲ್ಲಿ ನೋಡೋಣ... ಅರೆ, ಇದು ನಮ್ಮ ಡಬ್ಲ್ಯುಡಿಎಸ್-4ರ ಅಣ್ಣತಮ್ಮ ಇದ್ದಂಗಿದೆ. ಮೂರು ಜೊತೆ ಚಕ್ರ, ಪಕ್ಕದಲ್ಲಿ ರಾಡು.

— ಬ್ರಿಟನ್ನಿನ ಕ್ಲಾಸ್ 08. 1952ರಿಂದ 1962ರವರೆಗೆ ಅಂಥವು 996 ಕಟ್ಟಿದರು. ಇದು ಡಬಲ್ ಓ ಅಳತೆ, ಅಂದರೆ ನಿಜವಾದದ್ದರ 76ರಲ್ಲಿ ಒಂದು ಭಾಗ. ಬಫರಿನಿಂದ ಬಫರಿಗೆ ಸುಮಾರು 12 ಸೆಂ.ಮೀ. ಉದ್ದ ಬರುತ್ತೆ.

— ಎಂಜಿನ್ ಚೆನ್ನಾಗಿದೆ. ಆದರೆ ಹಳಿ ಕಿರಿದು. ಎದುರಿಗೆ ನಿಂತು ನೋಡು, ಎಂಜಿನ್ ಮೈ ಹಳಿಯ ಆಚೆ ಈಚೆ ತುಂಬಾ ಚಾಚ್ಕೊಂಡಿದೆ.

— ನಿಮ್ಮ ಕಣ್ಣಿಗೆ ಮೋಸ ಮಾಡೋಕಾಗಲ್ಲ. ಹಳಿಗಳ ನಡುವಿನ ಅಂತರ 16.5 ಮಿ.ಮೀ. ಅದನ್ನು 76ರಿಂದ ಗುಣಿಸಿದರೆ ಇಂಗ್ಲೆಂಡಿನ 1435 ಮಿ.ಮೀ. ಬರಬೇಕು, ಬರೋದು 1254. ಯುರೋಪ್, ಅಮೆರಿಕದ ಎಚ್‌ಓ ಹಳಿ 87ರಲ್ಲಿ ಒಂದರ ಲೆಕ್ಕಕ್ಕೆ ಸರಿಯಾಗಿತ್ತು. ಬ್ರಿಟನ್ನಿನ ಎಂಜಿನ್‌ಗಳು ಗಾತ್ರದಲ್ಲಿ ಚಿಕ್ಕವು, ಆ ಅಳತೆಗೆ ಇಳಿಸಿದರೆ ಆಗಿನ ಮೋಟಾರು ಒಳಗೆ ಹಿಡಿಸ್ತಿರಲಿಲ್ಲ. ಮೈ ದೊಡ್ಡದು ಮಾಡಿದರು, ಹಳಿ ಮಾತ್ರ ಹಾಗೇ ಬಿಟ್ಟರು. ನಮ್ಮ 1676 ಮಿ.ಮೀ. ಬ್ರಾಡ್ ಗೇಜನ್ನು ಇದೇ ಅಳತೆಯಲ್ಲಿ ಮಾಡೋಕೆ ಹೋದರೆ 22 ಮಿ.ಮೀ. ಹಳಿ ಬೇಕು. ಅದನ್ನು ಮನೆಯಲ್ಲೇ ಕೂತು ಬೆಸುಗೆ ಹಾಕಬೇಕು.

— ಇಂಗ್ಲೆಂಡಿನ ಯಾರ್ಡು ಯಾಕೆ ಅಂತ ಕೇಳೋಣ ಅಂತಿದ್ದೆ. ಉತ್ತರ ಸಿಕ್ತು.

— ಅರ್ಧ ಉತ್ತರ. ಇನ್ನರ್ಧ ಉದ್ದದ್ದು. ಇವತ್ತಿನ ನಮ್ಮ ಕಲ್ಲಿದ್ದಲು ರೇಕು ಅಂದರೆ ಬಾಕ್ಸ್‌ಎನ್ ವ್ಯಾಗನ್ 58. ಈ ಅಳತೆಗೆ ಇಳಿಸಿದರೂ ಎಂಟು ಮೀಟರ್ ದಾಟುತ್ತೆ. ಅದೂ ಗಣಿಯಲ್ಲಿ ತುಂಬಿಕೊಂಡು ನೇರ ವಿದ್ಯುತ್ ಸ್ಥಾವರಕ್ಕೆ ಹೋಗುತ್ತೆ, ಮಧ್ಯೆ ಯಾರೂ ಬಿಡಿಸಲ್ಲ, ಜೋಡಿಸಲ್ಲ.

— ಅದು ನಿಜ. ನಾನು ಸೇರಿದಾಗ ಬಿಡಿ ವ್ಯಾಗನ್ ಇತ್ತು. ಯಾರದೋ ಸಿಮೆಂಟು, ಯಾರದೋ ಈರುಳ್ಳಿ, ಇನ್ಯಾರದೋ ಮರದ ದಿಮ್ಮಿ, ಒಂದೊಂದೂ ಒಂದೊಂದು ಊರಿಗೆ. ಎಲ್ಲ ಬಿಡಿಸಿ ದಿಕ್ಕಿನ ಪ್ರಕಾರ ಜೋಡಿಸಬೇಕು. ಎಂಬತ್ತರ ದಶಕದಲ್ಲಿ ಇಡೀ ರೇಕೇ ಬುಕ್ ಮಾಡಿ ಅನ್ನೋದು ಶುರುವಾಯ್ತು. ಯಾರ್ಡುಗಳು ಖಾಲಿಯಾದವು. ವ್ಯಾಪಾರದ ದೃಷ್ಟಿಯಿಂದ ಒಳ್ಳೇದೇ ಆಯ್ತು. ವ್ಯಾಗನ್ನು ಯಾರ್ಡಿನಲ್ಲಿ ನಿಂತೇ ದಿನ ಕಳೀತಿತ್ತು.

— ಬ್ರಿಟನ್ನಿನಲ್ಲೂ ಅದೇ ಕಥೆ. ನಷ್ಟದ ಮಾರ್ಗ, ಸ್ಟೇಷನ್ ಮುಚ್ಚಿ ಅಂದ 1963ರ ಬೀಚಿಂಗ್ ವರದಿ ಆದಮೇಲೆ ಹಳ್ಳಿ ಸ್ಟೇಷನ್ನುಗಳ ಗೂಡ್ಸ್ ಸೈಡಿಂಗುಗಳು ಸಾಲುಸಾಲಾಗಿ ಮುಚ್ಚಿದವು. ಬಿಡಿ ವ್ಯಾಗನ್ನಿಗೆ ಅಂತ ಉಳಿದಿದ್ದ ಸ್ಪೀಡ್‌ಲಿಂಕ್ ಸೇವೆ 1991ರಲ್ಲಿ ನಿಂತಿತು. ನಿಜವಾದ ರೈಲ್ವೆ ಯಾವ ಕೆಲಸವನ್ನು ದುಬಾರಿ ಅಂತ ಬಿಟ್ಟಿತೋ ಅದನ್ನೇ ನಾವು ಶೆಲ್ಫಿನ ಮೇಲೆ ಇಟ್ಟುಕೊಂಡಿದ್ದೀವಿ.

— ನಾವು ಅಂದರೆ? ಇಂಥವರು ಇನ್ನೂ ಇದ್ದಾರಾ?

— ಬೇಕಾದಷ್ಟು ಜನ. ಈ ನಕ್ಷೆ ನನ್ನದಲ್ಲ. ಅಲನ್ ರೈಟ್ ಅನ್ನೋ ಇಂಗ್ಲಿಷ್ ಹವ್ಯಾಸಿಯದು, ಹೆಸರು ಇಂಗ್ಲ್‌ನೂಕ್ ಸೈಡಿಂಗ್ಸ್. ನೋಡಿ, ಹಳಿ ಕವಲೊಡೆಯೋ ಪಾಯಿಂಟು ಎರಡೇ, ಸೈಡಿಂಗು ಮೂರು. ಉದ್ದದ್ದರಲ್ಲಿ ಐದು ವ್ಯಾಗನ್ ಹಿಡಿಸುತ್ತೆ, ಉಳಿದೆರಡರಲ್ಲಿ ಮೂರು ಮೂರು. ಈ ಎಡಗಡೆ ಇರೋದು ಶಂಟಿಂಗ್ ನೆಕ್ಕು. ಅದರಲ್ಲಿ ಎಂಜಿನ್ನೂ ಮೂರು ವ್ಯಾಗನ್ನೂ ನಿಲ್ಲುತ್ತೆ, ನಾಲ್ಕನೇದು ನಿಲ್ಲಲ್ಲ. ವ್ಯಾಗನ್ ಒಟ್ಟು ಎಂಟು. ಎಂಟೂ ಚೀಟಿ ಬಟ್ಟಲಿಗೆ ಹಾಕಿ ಐದನ್ನು ಎತ್ತಬೇಕು. ಚೀಟಿ ಬಂದ ಕ್ರಮದಲ್ಲೇ ಆ ಐದು ಉದ್ದದ ಸೈಡಿಂಗಿನಲ್ಲಿ ನಿಂತರೆ ರೈಲು ಸಿದ್ಧ.

— ಇಷ್ಟೇನಾ?

— ಇಷ್ಟೇ. ಎಂಟರಲ್ಲಿ ಐದನ್ನು ಕ್ರಮವಾಗಿ ಆರಿಸೋಕೆ 6720 ದಾರಿ. ಶುರುವಿನಲ್ಲಿ ವ್ಯಾಗನ್‌ಗಳು ನಿಂತಿರೋ ಕ್ರಮ 40,320 ಬಗೆ. ಯಾವ ಚೀಟಿ ಬಂದರೂ ದಾರಿ ಇದ್ದೇ ಇರುತ್ತೆ. ಈ ಜಾತಿಯ ಒಗಟಿನ ಬಗ್ಗೆ ಸೈಮನ್ ಬ್ಲ್ಯಾಕ್‌ಬರ್ನ್ ಅನ್ನೋ ಗಣಿತಜ್ಞರು ಪ್ರಬಂಧವನ್ನೇ ಬರೆದಿದ್ದಾರೆ. ಗುಟ್ಟೆಲ್ಲ ಇರೋದು ಖಾಲಿ ಜಾಗದಲ್ಲಿ. ಸೈಡಿಂಗುಗಳಲ್ಲಿ ಹನ್ನೊಂದು ವ್ಯಾಗನ್ನಿನ ಜಾಗ, ನಿಂತಿರೋದು ಎಂಟು. ಮಿಕ್ಕಿದ್ದು ಮೂರು. ನಮ್ಮ ಅಪಾರ್ಟ್‌ಮೆಂಟ್ ಪಾರ್ಕಿಂಗ್ ಥರ: ಹಿಂದಿನ ಕಾರು ಹೊರಗೆ ಬರಬೇಕಂದರೆ ಮುಂದಿನವರನ್ನು ಎಬ್ಬಿಸಬೇಕು, ಅವರ ಕಾರಿಗೂ ಒಂದು ಜಾಗ ಹುಡುಕಬೇಕು.

— ಹಾಕು ಚೀಟಿ.

— ಮೊದಲ ಚೀಟಿ ತೀರಾ ಒಳಗೆ, ಬಫರ್ ಪಕ್ಕ. ಆಮೇಲಿನವು ಕ್ರಮವಾಗಿ ಹೊರಕ್ಕೆ. ದನದ ವ್ಯಾಗನ್... ಮೀನಿನ ವ್ಯಾನು... ಉಪ್ಪು... ಮುಚ್ಚಿದ ವ್ಯಾನು... ಕೊನೇದು ಬ್ರೇಕ್‌ವ್ಯಾನು.

— ಈಗ ಯಾವುದು ಎಲ್ಲಿದೆ ಹೇಳು. ಪಾಯಿಂಟ್ ಕಡೆಯಿಂದ ಹೇಳು.

— ಉದ್ದದ ಸೈಡಿಂಗಿನಲ್ಲಿ ಕಲ್ಲಿದ್ದಲು, ಉಪ್ಪು, ಟ್ಯಾಂಕ್, ದನ, ಮೀನು. ಎರಡನೇದರಲ್ಲಿ ಮರದ ದಿಮ್ಮಿ, ಮುಚ್ಚಿದ ವ್ಯಾನು, ಬ್ರೇಕ್‌ವ್ಯಾನು. ಮೂರನೇದು ಖಾಲಿ.

— ದನ ಬೇಕು, ಮೀನು ಅದರ ಹಿಂದೆ ಅಡ್ಡ ನಿಂತಿದೆ. ಮೀನನ್ನು ಕೈಯಲ್ಲಿ ಎತ್ತಿ ಈಚೆಗಿಟ್ಟರೆ ಮುಗೀತಲ್ಲ.

— ನಿಷಿದ್ಧ ಅಂತ ಇರೋದು ಅದೊಂದೇ ಮಾವ. ಚಕ್ರದ ಲೆಕ್ಕದಲ್ಲಿ ಈ ಎಂಜಿನ್ 0-6-0 ತಾನೆ? ಮೇಲಿಂದ ಇಳಿದು ಬರೋ ಐದು ಬೆರಳಿನ ಕೈಗೆ ಅಮೆರಿಕದ ಹವ್ಯಾಸಿಗಳು 0-5-0 ಅಂತ ಹೆಸರಿಟ್ಟು ನಗ್ತಾರೆ. ಕಪ್ಲಿಂಗ್ ಬಿಡಿಸೋಕೆ ಮಾತ್ರ ಈ ಬಿದಿರು ಕಡ್ಡಿ ಹಿಡ್ಕೊಳ್ಳಿ. ಎರಡು ಕೊಕ್ಕೆಯ ನಡುವೆ ಮೇಲಿಂದ ಇಳಿಸಿ ಸ್ವಲ್ಪ ತಿರುಗಿಸಿದರೆ ಬಿಚ್ಚಿಕೊಳ್ಳುತ್ತೆ. ಮೊದಲು ಎಂಜಿನ್ ಒಂದು ಕೂದಲಷ್ಟು ಹಿಂದೆ ತಳ್ಳಬೇಕು; ಕೊಕ್ಕೆ ಬಿಗಿಯಾಗಿದ್ದರೆ ಬಿಡಲ್ಲ.

— ಅದು ಗೊತ್ತು ಬಿಡೋ. ನಿಜವಾದದ್ದೂ ಹಾಗೇನೇ. ಎಂಜಿನ್ ಒತ್ತಿ ಹಿಡಿದರೆ ತಾನೆ ಸ್ಕ್ರೂ ಸಡಿಲ ಆಗೋದು? ನಾವು ಬಫರ್ ಮಧ್ಯೆ ತಲೆ ಬಗ್ಗಿಸಿ ಹೋಗಿ ಬಿಚ್ಚಬೇಕಿತ್ತು. ಸರಿ, ಮೊದಲು ಕಲ್ಲಿದ್ದಲು, ಉಪ್ಪು ಎರಡನ್ನೂ ಎಳ್ಕೊಂಡು ಹೋಗಿ ಮೂರನೇ ಸೈಡಿಂಗಿಗೆ ಹಾಕ್ತೀನಿ.

— ಮೂರನ್ನೇ ಎಳೀಬಹುದಿತ್ತಲ್ಲ. ನೆಕ್ಕಿನಲ್ಲಿ ಹಿಡಿಸುತ್ತೆ.

— ಮೂರು ಹಾಕಿದರೆ ಆ ಸೈಡಿಂಗ್ ಭರ್ತಿ. ಆಮೇಲೆ ಮೀನನ್ನು ಎಲ್ಲಿಡ್ಲಿ, ನಿನ್ನ ತಲೆ ಮೇಲಾ? ಒಂದು ಜಾಗ ಕೈಯಲ್ಲಿರಬೇಕು. ಈಗ ನೋಡು: ಟ್ಯಾಂಕು, ದನ, ಮೀನು ಮೂರೂ ಒಟ್ಟಿಗೆ ಹೊರಗೆ. ಮೂರನೇ ಸೈಡಿಂಗಿಗೆ ಹಿಂದೆ ತಳ್ಳು, ಮೀನು ಬಿಡು. ಮುಂದೆ ಬಾ, ಪಾಯಿಂಟ್ ಹಾಕು, ಉದ್ದದ್ದಕ್ಕೆ ಹೋಗು, ದನವನ್ನು ಬಫರಿಗೆ ತಾಗಿಸಿ ಬಿಡು. ಟ್ಯಾಂಕ್ ಎಂಜಿನ್ ಜೊತೆಗೇ ಇರಲಿ, ಅದಕ್ಕೇನು ಅವಸರ. ವಾಪಸ್ ಮೂರನೇದಕ್ಕೆ, ಮೀನು ಹಿಡ್ಕೊಂಡು ದನದ ಪಕ್ಕಕ್ಕೆ. ಮತ್ತೆ ಮೂರನೇದಕ್ಕೆ ಹೋಗಿ ಕಲ್ಲಿದ್ದಲು, ಉಪ್ಪು ಎರಡನ್ನೂ ಟ್ಯಾಂಕಿಗೇ ಸೇರಿಸ್ಕೊ. ಉಪ್ಪು ತುದಿಯಲ್ಲಿ ಬಂತು ನೋಡು, ನೇರ ಮೀನಿನ ಪಕ್ಕಕ್ಕೆ. ಮೂರಾಯ್ತು.

— ಎಂಜಿನ್ ಹತ್ತಿರ ಟ್ಯಾಂಕು, ಕಲ್ಲಿದ್ದಲು ಉಳಿದಿವೆ.

— ಅವೆರಡನ್ನೂ ಮೂರನೇ ಸೈಡಿಂಗಿಗೆ ಬಿಸಾಕು. ಅಲ್ಲೂ ಒಂದು ಜಾಗ ಉಳೀತು. ಈಗ ಎರಡನೇದರ ಮೂರನ್ನೂ ಎಳಿ. ಬ್ರೇಕ್‌ವ್ಯಾನ್ ತುದಿಯಲ್ಲಿದೆ, ಅದು ಆ ಒಂದು ಜಾಗಕ್ಕೆ. ಮುಚ್ಚಿದ ವ್ಯಾನು ಉಪ್ಪಿನ ಪಕ್ಕಕ್ಕೆ. ದಿಮ್ಮಿ ವಾಪಸ್ ಅದರ ಮನೆಗೆ. ಬ್ರೇಕ್‌ವ್ಯಾನ್ ತಗೊಂಡು ಬಂದು ಸೇರಿಸಿದರೆ... ಥೂ, ಇದೆಂಥ ರೈಲು!

— ಯಾಕೆ? ಸರಿಯಾಗಿದೆಯಲ್ಲ. ಚೀಟಿಯ ಕ್ರಮದಲ್ಲೇ ಇದೆ.

— ಬ್ರೇಕ್‌ವ್ಯಾನ್ ಎಂಜಿನ್ನಿನ ಪಕ್ಕ ಬಂದಿದೆ! ಗಾರ್ಡ್ ಕೂರೋದು ರೈಲಿನ ಬಾಲದಲ್ಲೋ ಮೂತಿಯಲ್ಲೋ? ದನದ ವ್ಯಾಗನ್ ಬಾಲಕ್ಕೆ ಹೋಯ್ತು, ದಾರಿಯುದ್ದಕ್ಕೂ ಎಳೆದಾಟ ತಿಂದು ಅವು ಕಾಲು ಮುರ್ಕೊಳ್ಳಲಿ ಅಂತಾನಾ? ಇಂಥ ರೈಲು ಮಾಡು ಅಂತ ಯಾವ ಯಾರ್ಡ್ ಮಾಸ್ಟರೂ ಹೇಳಲ್ಲ. ಇದು ಲೆಕ್ಕ ಕಣೋ, ರೈಲ್ವೆ ಅಲ್ಲ.

— ಬಹಳ ಜನ ಹವ್ಯಾಸಿಗಳೂ ಇದನ್ನೇ ಹೇಳ್ತಾರೆ. ಆದರೆ ಅಲನ್ ರೈಟ್ ಇದನ್ನು ಶೂನ್ಯದಿಂದ ತಂದದ್ದಲ್ಲ. ನಾರ್ಥಂಬರ್‌ಲ್ಯಾಂಡ್‌ನಲ್ಲಿ ಅಲ್ನಿಕ್‌ನಿಂದ ಕಾರ್ನ್‌ಹಿಲ್‌ಗೆ ಹೋಗ್ತಿದ್ದ ಒಂದು ಕವಲು ಮಾರ್ಗ ಇತ್ತು. 1887ರಲ್ಲಿ ಶುರುವಾಯ್ತು, 1930ಕ್ಕೇ ಪ್ರಯಾಣಿಕರ ರೈಲು ನಿಂತುಹೋಯ್ತು. ಆ ದಾರಿಯಲ್ಲಿ ಕಿಲ್ಹಮ್ ಅಂತ ಒಂದು ಸೈಡಿಂಗ್. ಅದನ್ನು ನೋಡಿ ಮಾಡಿದ ನಕ್ಷೆ ಇದು. ಕುರಿ, ದನ, ಕಲ್ಲಿದ್ದಲು ಬರೋ ಹೋಗೋ ಸಣ್ಣ ಜಾಗ. ಹಳ್ಳಿಯವರಿಗೆ ಅಷ್ಟು ಸಾಕಿತ್ತು, ಕಂಪನಿ ಅಷ್ಟೇ ಹಳಿ ಹಾಕಿತು. ಇಕ್ಕಟ್ಟು ನಿಜ. ಚೀಟಿ ಎತ್ತೋದು ಮಾತ್ರ ಆಟ.

— ಇಕ್ಕಟ್ಟು ನಮ್ಮಲ್ಲೂ ಇತ್ತು. ಆದರೆ ನಾವು ಬೆಳಗ್ಗೆ ಎದ್ದು, ಇವತ್ತು ಎಷ್ಟು ಕಷ್ಟ ಮಾಡ್ಕೊಳ್ಳಬಹುದು ಅಂತ ನೋಡ್ತಿರಲಿಲ್ಲ. ಎಷ್ಟು ಕಡಿಮೆ ತಳ್ಳಾಟದಲ್ಲಿ ಮುಗಿಸಬಹುದು ಅಂತ ನೋಡ್ತಿದ್ವಿ. ಒಂದು ಪಾಯಿಂಟು ಹೆಚ್ಚಿದ್ದರೆ ಒಂದು ಹಳಿತಪ್ಪು ಹೆಚ್ಚು ಅಂತ ಲೆಕ್ಕ.

— ಹಾಗಾದರೆ ಜಾನ್ ಅಲನ್ ಮಾಡಿದ್ದು ನಿಮಗೆ ಸುತರಾಂ ಹಿಡಿಸಲ್ಲ. ಕ್ಯಾಲಿಫೋರ್ನಿಯಾದ ಮಾಂಟೆರೆಯವರು. ನೆಲದಿಂದ ಸೂರಿನವರೆಗೆ ಬೆಟ್ಟ, ಕಮರಿ ಎಲ್ಲ ಇದ್ದ ದೊಡ್ಡ ಮಾದರಿ ಅವರ ಮನೆಯಲ್ಲಿತ್ತು. 1973ರ ಜನವರಿಯಲ್ಲಿ ಅವರು ತೀರಿಕೊಂಡರು, ಅದಾದ ಕೆಲವೇ ದಿನಕ್ಕೆ ಮನೆಗೆ ಬೆಂಕಿ ಬಿದ್ದು ಅದರ ಬಹುಭಾಗ ಹಾಳಾಯ್ತು. ಉಳಿದು ಜಗತ್ತಿಗೆಲ್ಲ ಹರಡಿದ್ದು ಅವರ ಒಂದು ಸಣ್ಣ ಹಲಗೆಯ ನಕ್ಷೆ, ಟೈಮ್‌ಸೇವರ್. 1972ರ ನವೆಂಬರಿನ ‘ಮಾಡೆಲ್ ರೈಲ್‌ರೋಡರ್’ ಪತ್ರಿಕೆಯಲ್ಲಿ ಬಂತು. ಐದು ಪಾಯಿಂಟು, ಮಧ್ಯೆ ಎಂಜಿನ್ ಒಂದು ತುದಿಯಿಂದ ಇನ್ನೊಂದು ತುದಿಗೆ ಸುತ್ತಿಬರೋಕೆ ಒಂದು ಲೂಪು. ಕೆಲವು ಸೈಡಿಂಗ್ ಈ ಕಡೆಗೆ ಬಾಯಿ ತೆರೆದಿವೆ, ಕೆಲವು ಆ ಕಡೆಗೆ. ಹಾಗಾಗಿ ಒಂದೇ ಕಡೆಯಿಂದ ತಳ್ಳಿ ಮುಗಿಸೋಕಾಗಲ್ಲ. ಪ್ರತಿಯೊಂದರ ಉದ್ದವನ್ನೂ ಒಂದು ವ್ಯಾಗನ್ನೂ ಹೆಚ್ಚು ಹಿಡಿಸದ ಹಾಗೆ ಕತ್ತರಿಸಿದ್ದಾರೆ. ಗಡಿಯಾರ ಇಟ್ಟು, ಯಾರು ಮೊದಲು ಮುಗಿಸ್ತಾರೆ ಅಂತ ಪೈಪೋಟಿ.

— ಗಡಿಯಾರ ಹಿಡ್ಕೊಂಡು ಯಾರ್ಡಿನಲ್ಲಿ ಓಡೋನು ಕಾಲು ಕಳ್ಕೊಳ್ತಾನೆ. ಶಂಟಿಂಗಿಗೆ ಗಂಟೆಗೆ 15 ಕಿ.ಮೀ. ಮೇಲೆ ಹೋಗೋ ಹಾಗಿಲ್ಲ. ವ್ಯಾಗನ್ ಹಿಡಿಯೋ ಹೊತ್ತಿಗೆ ನಡಿಗೆಗಿಂತ ನಿಧಾನ.

— ಅದನ್ನೂ ಲೆಕ್ಕ ಹಾಕಿದ್ದೀನಿ. ಗಂಟೆಗೆ 15 ಕಿ.ಮೀ. ಅಂದರೆ ಇಲ್ಲಿ ಸೆಕೆಂಡಿಗೆ ಐದೂವರೆ ಸೆಂ.ಮೀ. ಈ ಹಲಗೆಯ ತುದಿಯಿಂದ ತುದಿಗೆ ಹೋಗೋಕೆ 22 ಸೆಕೆಂಡು. ನಡಿಗೆಗಿಂತ ನಿಧಾನ ಅಂದರೆ ಸೆಕೆಂಡಿಗೆ ಒಂದೂವರೆ ಸೆಂ.ಮೀ.ಗಿಂತಲೂ ಕಡಿಮೆ. ಬೆರಳುಗುರಿನಷ್ಟು ದೂರ ಹೋಗೋಕೆ ಒಂದು ಸೆಕೆಂಡು. ಅಷ್ಟು ನಿಧಾನ ಓಡಿಸಿದರೆ ನಾಲ್ಕಡಿ ಹಲಗೆ ಚಿಕ್ಕದು ಅನ್ನಿಸೋದೇ ಇಲ್ಲ.

— ಅಷ್ಟು ನಿಧಾನಕ್ಕೆ ಈ ಎಂಜಿನ್ ಓಡುತ್ತಾ? ಆಟದ ರೈಲು ಅಂದರೆ ಒಂದೋ ನಿಲ್ಲುತ್ತೆ, ಇಲ್ಲ ಹಾರುತ್ತೆ.

— ಇಂಥ ಹಲಗೆ ಬದುಕೋದು ಸಾಯೋದು ಅದರ ಮೇಲೇ. ಸುತ್ತು ಹೊಡೆಯೋ ರೈಲಿಗೆ ವೇಗವೇ ರಕ್ಷಣೆ. ಹಳಿಯ ಮೇಲೆ ಒಂದಿಂಚು ಕೊಳೆ ಇದ್ದರೂ ಜಾರಿಕೊಂಡು ದಾಟಿಬಿಡುತ್ತೆ. ಇಲ್ಲಿ ಎಂಜಿನ್ ತೆವಳುತ್ತೆ, ಧೂಳಿನ ಚುಕ್ಕಿ ಸಿಕ್ಕರೂ ಸಾಕು, ಅಲ್ಲೇ ಸತ್ಯಾಗ್ರಹ. ನಮ್ಮ ರಸ್ತೆಯ ಧೂಳಂತೂ ಗೊತ್ತೇ ಇದೆ. ಆಟಕ್ಕೆ ಮುಂಚೆ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಲ್ಲಿ ಹಳಿ ಒರೆಸಬೇಕು, ಚಕ್ರವನ್ನೂ ಒರೆಸಬೇಕು. ಇದಕ್ಕಿಂತ ದೊಡ್ಡ ಶತ್ರು ಪಾಯಿಂಟಿನೊಳಗಿದೆ. ಬಗ್ಗಿ ನೋಡಿ, ಎರಡು ಹಳಿ ಒಂದನ್ನೊಂದು ದಾಟೋ ಜಾಗ.

— ಫ್ರಾಗು. ನಮ್ಮಲ್ಲಿ ಕ್ರಾಸಿಂಗ್ ಅಂತೀವಿ.

— ಹಾಂ. ಎರಡು ಹಳಿಗೂ ಬೇರೆ ಬೇರೆ ಧ್ರುವದ ಕರೆಂಟು. ಅವು ಒಂದನ್ನೊಂದು ಮುಟ್ಟಿದರೆ ಶಾರ್ಟ್. ಅಗ್ಗದ ಪಾಯಿಂಟಿನಲ್ಲಿ ಆ ತುದಿಯನ್ನು ಪ್ಲಾಸ್ಟಿಕ್ ಮಾಡಿ ಕೈ ತೊಳ್ಕೊಳ್ತಾರೆ. ಉದ್ದ ಎಂಜಿನ್ನಿಗೆ ಅದರಿಂದ ತೊಂದರೆ ಇಲ್ಲ, ಒಂದು ಚಕ್ರ ಪ್ಲಾಸ್ಟಿಕ್ ಮೇಲಿದ್ದರೂ ಉಳಿದವು ಕರೆಂಟ್ ಹಿಡ್ಕೊಂಡಿರ್ತವೆ. ಗಿಡ್ಡ ಶಂಟರು ಅಲ್ಲೇ ನಿಂತುಬಿಡುತ್ತೆ, ಬೆರಳಲ್ಲಿ ನೂಕಬೇಕು. ಹಾಗಾಗಿ ನಾನು ಹಾಕಿರೋದು ಇಡೀ ಲೋಹದ ಫ್ರಾಗು. ಪಾಯಿಂಟ್ ಯಾವ ಕಡೆಗೆ ತಿರುಗಿದೆ ಅನ್ನೋದರ ಮೇಲೆ ಅದಕ್ಕೆ ಕರೆಂಟು ಬದಲಾಗಬೇಕು. ಹಲಗೆಯ ಅಡಿಯಲ್ಲಿ ಒಂದು ಪುಟ್ಟ ಸ್ವಿಚ್ ಇದೆ. ಪಾಯಿಂಟ್ ಎಳೆಯೋ ಸರಳೇ ಅದನ್ನೂ ಒತ್ತುತ್ತೆ. ಬೆಟ್ಟ, ಮರ, ಹುಲ್ಲು ಇದೆಲ್ಲ ಇಲ್ಲದಿದ್ದರೂ ನಡೆಯುತ್ತೆ. ಈ ಎರಡು ವೈರು ಇಲ್ಲದಿದ್ದರೆ ನಡೆಯಲ್ಲ.

— ವೈರು ಸರಿ. ಪ್ಲಾನು ಹೇಳು. ಇಷ್ಟೆಲ್ಲ ಓದಿಕೊಂಡಿದ್ದೀಯ, ಇನ್ನೊಂದೆರಡು ಪಾಯಿಂಟ್ ಯಾಕೆ ಹಾಕಲಿಲ್ಲ?

— ಅಳತೆ ನೋಡಿ. ಒಂದು ಪಾಯಿಂಟು 18 ಸೆಂ.ಮೀ. ತಿನ್ನುತ್ತೆ, ಎರಡಕ್ಕೆ 36. ಕಪ್ಲಿಂಗ್ ಸೇರಿಸಿ ವ್ಯಾಗನ್ ಒಂದಕ್ಕೆ ಎಂಟೂವರೆ. ಐದಕ್ಕೆ 42, 43. ನೆಕ್ಕಿನಲ್ಲಿ ಎಂಜಿನ್ ಮತ್ತು ಮೂರು ವ್ಯಾಗನ್ನಿಗೆ 38 ಹತ್ತಿರ. ಅಲ್ಲಿಗೆ 117. ಶೆಲ್ಫು ಮುಗೀತು. ಇನ್ನೊಂದು ಪಾಯಿಂಟ್ ಹಾಕಿದರೆ ಎರಡು ವ್ಯಾಗನ್ನಿನ ಜಾಗ ಹೋಗುತ್ತೆ. ಹೊಸಬರು ಹಲಗೆ ತುಂಬಾ ಪಾಯಿಂಟ್ ಹಾಕ್ತಾರೆ, ಆಮೇಲೆ ವ್ಯಾಗನ್ ನಿಲ್ಲಿಸೋಕೆ ಹಳಿಯೇ ಇರಲ್ಲ. ಉದ್ದವಾದ ಅಮೆರಿಕನ್ ವ್ಯಾಗನ್ ಆಗಿದ್ದರೆ ಇಷ್ಟೂ ಆಗ್ತಿರಲಿಲ್ಲ. ಅವರ 50 ಅಡಿಯ ಬಾಕ್ಸ್‌ಕಾರ್ ಎಚ್‌ಓದಲ್ಲೇ ಹದಿನೇಳೂವರೆ ಸೆಂ.ಮೀ. ಬ್ರಿಟನ್ನಿನ ನಾಲ್ಕು ಚಕ್ರದ ಗಿಡ್ಡ ವ್ಯಾಗನ್ನೇ ಈ ಶೆಲ್ಫನ್ನು ಸಾಧ್ಯ ಮಾಡಿದ್ದು.

— ಅಮೆರಿಕದವರು ಹಾಗಾದರೆ ಏನು ಮಾಡ್ತಾರೆ?

— ಅವರಲ್ಲಿ ಬಿಡಿ ವ್ಯಾಗನ್ ಸಾಗಣೆ ಇನ್ನೂ ಬದುಕಿದೆ, ಹಾಗಾಗಿ ಇವತ್ತಿನ ಕೆಲಸವನ್ನೇ ಮಾದರಿ ಮಾಡಬಹುದು. ಲ್ಯಾನ್ಸ್ ಮೈಂಡ್‌ಹೈಮ್ ಅಂತ ಒಬ್ಬ ವಿನ್ಯಾಸಕಾರ ಇದ್ದಾರೆ, ಇದರ ಬಗ್ಗೆ ಪುಸ್ತಕಗಳನ್ನೇ ಬರೆದವರು. ಮಯಾಮಿಯಲ್ಲಿ ಗೋದಾಮುಗಳ ಮಧ್ಯೆ ನುಸುಳಿ ಹೋಗೋ ಸಿಎಸ್‌ಎಕ್ಸ್ ಕಂಪನಿಯ ಡೌನ್‌ಟೌನ್ ಸ್ಪರ್ ಅನ್ನೋ ಹಳಿಯನ್ನು ಮಾದರಿ ಮಾಡಿದ್ದಾರೆ. ಅವರ ಮಾತು ನಿಮ್ಮ ಮಾತೇ: ಒಗಟು ಕಟ್ಟಬೇಡಿ, ಪಾಯಿಂಟ್ ಕಡಿಮೆ ಹಾಕಿ, ನಿಜವಾದ ಸಿಬ್ಬಂದಿ ಎಷ್ಟು ಹೊತ್ತು ತಗೊಳ್ತಾರೋ ಅಷ್ಟೇ ಹೊತ್ತು ನೀವೂ ತಗೊಳ್ಳಿ. ಎಂಜಿನ್ ನಿಲ್ಲಿಸಿ, ಆಳು ಇಳಿದು ನಡೆದುಹೋಗಿ ಪಾಯಿಂಟಿನ ಬೀಗ ತೆಗೆಯೋಷ್ಟು ಕಾಯಿರಿ, ಗಾಳಿ ಪೈಪ್ ಜೋಡಿಸಿ ಬ್ರೇಕಿಗೆ ಗಾಳಿ ತುಂಬೋಷ್ಟು ಕಾಯಿರಿ, ಆಮೇಲೆ ಹೊರಡಿ. ಹಾಗೆ ಮಾಡಿದರೆ ಎರಡು ವ್ಯಾಗನ್ ಇಟ್ಟು ಎರಡು ತರೋದರಲ್ಲೇ ಒಂದು ಸಂಜೆ ಕಳೆಯುತ್ತೆ.

— ಬುದ್ಧಿವಂತ. ಆದರೆ ಸುಮ್ಮನೆ ಕಾಯೋದೂ ನಾಟಕವೇ. ಯಾಕೆ ಕಾಯ್ತಿದ್ದೀನಿ ಅಂತ ಗೊತ್ತಿರಬೇಕು. ನಿನ್ನ ಈ ಯಾರ್ಡಿನ ಗೋಳೇ ಅದು. ಮೂರು ಸೈಡಿಂಗು, ಮೂರೂ ಒಂದೇ ಥರ. ವ್ಯಾಗನ್ ಎಲ್ಲಿ ನಿಂತರೂ ನಡೆಯುತ್ತೆ. ನಮ್ಮಲ್ಲಿ ಹಾಗಲ್ಲ. ದನದ ವ್ಯಾಗನ್ ಡಾಕಿನ ಗೇಟಿಗೆ ನೇರ ನಿಲ್ಲಬೇಕು, ಒಂದು ಮಾರು ಈಚೆ ನಿಂತರೂ ದನ ಇಳಿಸೋಕಾಗಲ್ಲ, ಬೈಗುಳ ಗ್ಯಾರಂಟಿ. ಸಿಮೆಂಟ್ ವ್ಯಾಗನ್ನಿನ ಬಾಗಿಲು ಶೆಡ್ಡಿನ ಬಾಗಿಲಿಗೆ ಎದುರು ಬರಬೇಕು. ಟ್ಯಾಂಕ್ ಹತ್ತಿರ ಬೆಂಕಿ ಸುಳೀಬಾರದು.

— ಅದಕ್ಕೆ ದಾರಿ ಇದೆ. 1961ರಲ್ಲಿ ಡಗ್ ಸ್ಮಿತ್ ಅಂತ ಒಬ್ಬರು ವ್ಯಾಗನ್ ಕಾರ್ಡಿನ ಪದ್ಧತಿ ಬರೆದರು. ಒಂದೊಂದು ವ್ಯಾಗನ್ನಿಗೆ ಒಂದು ಕಾರ್ಡು, ಅದಕ್ಕೊಂದು ಜೇಬು. ಜೇಬಿನಲ್ಲಿ ಚೀಟಿ: ಈ ಸಲ ಎಲ್ಲಿಂದ ಬಂತು, ಏನು ಹೊತ್ತಿದೆ, ಎಲ್ಲಿ ನಿಲ್ಲಬೇಕು. ಕೆಲಸ ಆದಮೇಲೆ ಚೀಟಿ ತಿರುಗಿಸಿದರೆ ಮುಂದಿನ ಪ್ರಯಾಣ. ಬಟ್ಟಲಲ್ಲಿ ಕೈ ಹಾಕಿ ಎತ್ತೋ ಬದಲು ಇದನ್ನು ಓದಿಕೊಂಡು ರೈಲು ಮಾಡ್ತಾರೆ.

— ವ್ಯಾಗನ್ನಿನ ಲೇಬಲ್ಲು! ನಮ್ಮಲ್ಲಿ ವ್ಯಾಗನ್ನಿನ ಮೈಗೇ ಸಿಗಿಸ್ತಿದ್ದರು. ಕೊಡು, ಕಾಗದ ಪೆನ್ನು ಕೊಡು. ಇದು ಶೆಡ್ಡು, ಇದು ದನದ ಡಾಕು. ಹಿಂದಿನ ಗೋಡೆಗೆ ಅಂಟಿಸಿರೋ ಆ ರಟ್ಟಿನ ಮನೆ ಕಿತ್ತಾಕು. ಊರು ಬೇಡ, ಗೇಟು ಬೇಕು. ಮೂರನೇ ಸೈಡಿಂಗಿನ ಬಾಯಲ್ಲಿ ಕಲ್ಲಿದ್ದಲು ಇಳಿಸೋ ಜಾಗ, ಒಳಗೆ ಟ್ಯಾಂಕಿಗೆ.

— ಬಾಯಲ್ಲಿ ಕಲ್ಲಿದ್ದಲು ನಿಂತರೆ ಟ್ಯಾಂಕ್ ತೆಗೆಯೋಕೆ ಪ್ರತಿ ಸಲ ಅದನ್ನು ಎಬ್ಬಿಸಬೇಕಲ್ಲ ಮಾವ. ಅರ್ಧ ಇಳಿಸಿರೋ ಕಲ್ಲಿದ್ದಲನ್ನು ಹೊರಗೆ ತೆಗೆದು, ಟ್ಯಾಂಕ್ ತೆಗೆದು, ಮತ್ತೆ ಕಲ್ಲಿದ್ದಲನ್ನು ಅದೇ ಜಾಗಕ್ಕೆ ತಂದಿಡಬೇಕು. ಇಷ್ಟು ಹೊತ್ತು ಕಷ್ಟ ಮಾಡ್ಕೊಳ್ಳಬೇಡ ಅಂತ ನನಗೆ ಹೇಳ್ತಿದ್ದಿರಿ.

— ಇದು ನಾನು ಮಾಡಿದ ಕಷ್ಟ ಅಲ್ಲ, ಕಲ್ಲಿದ್ದಲು ವ್ಯಾಪಾರಿ ಮಾಡಿದ್ದು. ರಸ್ತೆ ಬಂದಿರೋದು ಅಲ್ಲಿಗೆ, ಅವನ ಗಾಡಿ ನಿಲ್ಲೋದು ಅಲ್ಲೇ. ಒಳಗೆ ನಿಲ್ಲಿಸಪ್ಪಾ ಅಂದರೆ ಕೇಳ್ತಾನಾ? ನಿನ್ನ ಚೀಟಿ ಬಟ್ಟಲಿಗೆ ಕೋಪ ಬಂದರೆ ಯಾರನ್ನು ಬೈತೀಯ? ಇವನಾದರೆ ಬೈಯೋಕೆ ಒಬ್ಬ ಮನುಷ್ಯ.

— ಒಪ್ಪಿದೆ. ಆದರೆ ನೆಕ್ಕನ್ನು ಉದ್ದ ಮಾಡೋಕೆ ಬಿಡಲ್ಲ. ನಾಲ್ಕನೇ ವ್ಯಾಗನ್ನಿಗೆ ಅಲ್ಲಿ ಜಾಗ ಕೊಟ್ಟರೆ ಯೋಚನೆ ಮಾಡೋ ಅಗತ್ಯವೇ ಇರಲ್ಲ, ಎಲ್ಲಾ ಎಳ್ಕೊಂಡು ಬಂದು ಸುಮ್ಮನೆ ಹಂಚಿಬಿಡಬಹುದು.

— ಕೇಳಲೂ ಇಲ್ಲ ನಾನು. ನೆಕ್ಕಿನ ತುದಿಯಲ್ಲಿ ಹಳ್ಳ ಇದೆ ಅಂತ ಬರ್ಕೊ, ಮುಂದೆ ಹಳಿ ಹಾಕೋಕೆ ಕಂಪನಿ ದುಡ್ಡು ಕೊಡಲಿಲ್ಲ ಅಂತ ಬರ್ಕೊ. ಈಗ ಬರೆ, ಬೆಳಗಿನ ಪಾಳಿ. ದನದ ವ್ಯಾಗನ್ ಖಾಲಿ, ಡಾಕಿಗೆ. ಮೀನು ಮೊದಲು ಹೊರಡಬೇಕು, ಕೊಳೆಯೋ ಮಾಲು, ಎಂಜಿನ್ನಿನ ಪಕ್ಕ. ಬ್ರೇಕ್‌ವ್ಯಾನ್ ಬಾಲದಲ್ಲಿ, ಚರ್ಚೆ ಇಲ್ಲ. ಉಪ್ಪಿನ ವ್ಯಾಗನ್ ಸಿಕ್. ಆಕ್ಸಲ್ ಬಾಕ್ಸ್ ಬಿಸಿಯಾಗಿದೆ, ಎರಡನೇ ಸೈಡಿಂಗಿನಲ್ಲೇ ಬಿಟ್ಟಿದ್ದಾರೆ. ಅಡಿಯಲ್ಲಿ ಆಳು ಕೆಲಸ ಮಾಡ್ತಿದ್ದಾನೆ, ಕೆಂಪು ಬಾವುಟ ಕಟ್ಟು.

— ಬಾವುಟ ಕಟ್ಟಿದರೆ ಆ ಸೈಡಿಂಗಿಗೆ ಹೋಗೋ ಹಾಗೇ ಇಲ್ಲವಲ್ಲ! ಇನ್ನೆರಡು ಜಾಗ ಹೋದವು. ಉಳಿದ ಏಳು ವ್ಯಾಗನ್ನಿಗೆ ಎಂಟೇ ಜಾಗ. ಐದು ವ್ಯಾಗನ್ನಿನ ರೈಲು ಹೇಗೆ ಮಾಡ್ಲಿ?

— ಆಗಲ್ಲ. ಕಂಟ್ರೋಲಿಗೆ ಫೋನ್ ಮಾಡಿ ಹೇಳು: ಐದು ಆಗಲ್ಲ, ಮೂರು ಕಳಿಸ್ತೀವಿ.